ವಕ್ತೃ, ಶ್ರೋತೃ, ಪ್ರಸಕ್ತಿ: ಉತ್ಸವದ ವೇದಿಕೆಯಲ್ಲಿ ಲೋಕವಿಚಾರ

ಶ್ರೀಹರಿವಾಯುಗುರುಗಳ ಅನುಗ್ರಹದಿಂದ ನಮ್ಮ ಸೀಮೆಯಲ್ಲಿ ಆರಾಧನೆ, ಚಾತುರ್ಮಾಸ್ಯ, ನವರಾತ್ರಿ, ಧನುರ್ಮಾಸಗಳ ನಿಮಿತ್ತದಿಂದ ಪ್ರವಚನಗಳು ಎಡೆಬಿಡದೆ ನಡೆದುಬಂದಿವೆ. ತುಂಗಭದ್ರೆಯ ದಂಡೆಯ ಕೆಂಚನಗುಡ್ಡದಲ್ಲಿ ಶ್ರೀ ವಸುಧೇಂದ್ರತೀರ್ಥ ಶ್ರೀಪಾದಂಗಳವರ ಬೃಂದಾವನ ಸನ್ನಿಧಾನವಿದೆ. ನದಿಯ ಕೆಳದಾರಿಯಲ್ಲಿ ಮಂತ್ರಾಲಯವಿದೆ, ಆಚೆಯ ದಂಡೆಯ ಸೀಮೆಯಲ್ಲಿ ಮಾನವಿಯಿದೆ. ಆದುದರಿಂದ ಇಲ್ಲಿಯ ಮಾಧ್ವ ಕುಟುಂಬಗಳಿಗೆ ಶ್ರವಣಭಾಗ್ಯವು ದುರ್ಲಭವೇನಲ್ಲ. ಆದರೆ ಪ್ರವಚನ ಮುಗಿದು ಪಂಕ್ತಿಯಲ್ಲಿ ಕುಳಿತಾಗ, ಈಚೆಗೆ ಒಂದು ಚರ್ಚೆ ಮತ್ತೆ ಮತ್ತೆ ಏಳುತ್ತಿರುವುದು ಅನೇಕರ ಅನುಭವಕ್ಕೆ ಬಂದಿರಬೇಕು. ಉತ್ಸವದ ವೇದಿಕೆಯಲ್ಲಿ ಸಮಾಜ, ರಾಜಕಾರಣ, ನೀತಿ, ಸಂಸ್ಕೃತಿ ಎಂಬ ಲೋಕವಿಚಾರಗಳನ್ನು ಎತ್ತಬಹುದೇ, ಎತ್ತಬಾರದೇ ಎಂಬುದೇ ಆ ಚರ್ಚೆ.

ಒಂದು ಪಕ್ಷದವರ ಮಾತು ಹೀಗೆ. ದೇವರ ಮುಂದಿನ ವೇದಿಕೆ ತತ್ತ್ವಕ್ಕೂ ಮಹಿಮೆಗೂ ಮೀಸಲಾದದ್ದು. ಜಾತಿ, ಚುನಾವಣೆ, ನೀರು, ಅಧಿಕಾರ ಇವುಗಳಿಗೆ ಬೇರೆ ವೇದಿಕೆಗಳು ಬೇಕಾದಷ್ಟಿವೆ. ಮನೆಯ ದೂರದರ್ಶನದಲ್ಲಿ ಹಗಲಿರುಳು ಅದನ್ನೇ ಕೇಳಿ ದಣಿದ ಕಿವಿಗೆ ಇಲ್ಲಿಯಾದರೂ ಹರಿಕಥೆ ಬೀಳಲಿ. ಎರಡನೆಯ ಪಕ್ಷದವರು ಹೆಚ್ಚಾಗಿ ಬಳ್ಳಾರಿ, ಬೆಂಗಳೂರು, ಹೈದರಾಬಾದುಗಳಲ್ಲಿ ಉದ್ಯೋಗದಲ್ಲಿದ್ದು ಆರಾಧನೆಗೆಂದು ಬರುವ ತರುಣರು. ನಾವು ದಿನವಿಡೀ ಎದುರಿಸುವ ಪ್ರಶ್ನೆಗಳ ಬಗ್ಗೆ ಒಂದು ಮಾತೂ ಇಲ್ಲದ ಪ್ರವಚನವನ್ನು ಕೇಳಿ ನಾವು ಏನು ಮಾಡಬೇಕು ಎಂದು ಅವರು ಕೇಳುತ್ತಾರೆ. ಇಬ್ಬರ ಮಾತಿನಲ್ಲಿಯೂ ತಿರುಳಿದೆ. ಆದರೂ ಪ್ರಶ್ನೆಯನ್ನು ಇಬ್ಬರೂ ಸ್ವಲ್ಪ ತಪ್ಪು ಜಾಗದಲ್ಲಿ ಹಿಡಿದಿದ್ದಾರೆಂದು ನಮಗೆ ತೋರುತ್ತದೆ.

ಲೋಕವಿಚಾರವು ನಮ್ಮ ಶ್ರವಣಪರಂಪರೆಗೆ ಹೊರಗಿನಿಂದ ಬಂದದ್ದಲ್ಲ. ಭಾಗವತ ಸಪ್ತಾಹದ ಮೊದಲ ಶ್ರೋತೃವೇ ಒಬ್ಬ ರಾಜ. ಧ್ಯಾನದಲ್ಲಿದ್ದ ಶಮೀಕರ ಕೊರಳಿಗೆ ಸತ್ತ ಹಾವನ್ನು ಹಾಕಿದ ಅಪಚಾರದ ಫಲವಾಗಿಯೇ ಪರೀಕ್ಷಿತನು ಗಂಗಾತೀರದಲ್ಲಿ ಕೇಳಲು ಕುಳಿತದ್ದು. ಶಾಂತಿಪರ್ವದಲ್ಲಿ ಶರಶಯ್ಯೆಯ ಭೀಷ್ಮರು ಧರ್ಮರಾಜನಿಗೆ ಉಪದೇಶಿಸುವಾಗ ಮೋಕ್ಷಧರ್ಮಕ್ಕೆ ಮೊದಲು ಬರುವುದು ರಾಜಧರ್ಮ. ತೆರಿಗೆ ಎಷ್ಟು, ದಂಡನೆ ಹೇಗೆ, ದುರ್ಬಲನನ್ನು ಕಾಯುವವನಾರು ಎಂಬ ವಿಚಾರಗಳು ಅಲ್ಲಿ ಅಧ್ಯಾಯಗಳ ಮೇಲೆ ಅಧ್ಯಾಯವಾಗಿ ಬರುತ್ತವೆ. ಇದೇ ನದಿಯ ಮೇಲಿನ ಹರಿವಿನಲ್ಲಿ, ಆನೆಗೊಂದಿಯ ನವಬೃಂದಾವನದಲ್ಲಿ ಸನ್ನಿಹಿತರಾಗಿರುವ ಶ್ರೀ ವ್ಯಾಸರಾಜರು ವಿಜಯನಗರದ ಅರಸರಿಗೆ ಗುರುಸ್ಥಾನದಲ್ಲಿದ್ದವರು. ಅವರು ಅರಸರಿಗೆ ಅರಸುತನದ ವಿಷಯವನ್ನು ಬಿಟ್ಟು ಬೇರೆಲ್ಲವನ್ನೂ ಹೇಳಿದರೆಂದು ಯಾರು ನಂಬುತ್ತಾರೆ? ದಾಸವರೇಣ್ಯರ ಪದಗಳಲ್ಲಿ ಡಾಂಭಿಕ ಆಚಾರ, ಧನಮದ, ಕುಲಮದಗಳ ಮೇಲೆ ಬಿದ್ದ ಏಟುಗಳನ್ನು ಎಣಿಸಿದವರು ಇಲ್ಲ. ಆ ಪದಗಳನ್ನೇ ನಾವು ತಾಳ ಹಾಕಿ, ಕಣ್ಣು ಮುಚ್ಚಿ ಹಾಡುತ್ತೇವೆ. ರಾಗ ಇಂಪಾಗಿರುವುದರಿಂದ ಏಟು ತಾಗಿದ್ದು ಗೊತ್ತಾಗುವುದಿಲ್ಲ.

ಹತ್ತಿರದ ಕಾಲಕ್ಕೆ ಬಂದರೆ ಕನ್ನಡ ಕುಲಪುರೋಹಿತರೆಂದು ನಾಡು ಕರೆದ ಆಲೂರು ವೆಂಕಟರಾಯರು (1880–1964) ನಮ್ಮ ಸಂಪ್ರದಾಯದವರೇ. ಊರೂರು ತಿರುಗಿ ಏಕೀಕರಣದ ಭಾಷಣ ಮಾಡಿದ ಅವರು ಲೋಕಮಾನ್ಯ ತಿಲಕರ ಗೀತಾರಹಸ್ಯವನ್ನು ಕನ್ನಡಕ್ಕೆ ತಂದರು, ಶ್ರೀಮದಾಚಾರ್ಯರ ಸಿದ್ಧಾಂತದ ಬಗ್ಗೆಯೂ ಬರೆದರು. ಅವರ ಪಾಲಿಗೆ ನಾಡಿನ ಕೆಲಸವೂ ಮತದ ಶ್ರದ್ಧೆಯೂ ಎರಡು ಕಪಾಟುಗಳಲ್ಲಿರಲಿಲ್ಲ. ಮದ್ರಾಸು ಪ್ರಾಂತದಲ್ಲಿದ್ದ ನಮ್ಮ ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವುದಕ್ಕೆ ಮೊದಲು, ಅಂಥ ಎಷ್ಟು ಸಭೆಗಳು, ಎಷ್ಟು ಉಪನ್ಯಾಸಗಳು ನೆಲವನ್ನು ಹದಮಾಡಿರಬೇಕೆಂಬುದನ್ನು ಊಹಿಸಿಕೊಳ್ಳಬಹುದು.

ಇನ್ನೊಂದು ನಿದರ್ಶನವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಡಿ. ವಿ. ಗುಂಡಪ್ಪನವರು ನಮ್ಮ ಮತದವರಲ್ಲ. ಗುಣಗ್ರಹಣಕ್ಕೆ ಅದೇನೂ ಅಡ್ಡಿಯಲ್ಲ. ಅವರು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಹೆಸರೇ ಹೇಳುವಂತೆ ಅದು ಸಾರ್ವಜನಿಕ ವಿಚಾರದ ಮನೆ. ರಾಜ್ಯಾಂಗ, ಆಯವ್ಯಯ, ಪೌರಧರ್ಮ ಎಂಬವುಗಳ ಅಭ್ಯಾಸವೂ ಗೀತೆಯ ಪಾಠವೂ ಒಂದೇ ಸೂರಿನ ಕೆಳಗೆ ನಡೆದವು. ಗೀತೆಯ ಮೇಲೆ ಅವರು ಅಲ್ಲಿ ಮಾಡಿದ ಉಪನ್ಯಾಸಗಳಿಂದ ಮೂಡಿದ ಜೀವನಧರ್ಮಯೋಗಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರ ದೊರೆಯಿತು. ಮೆಟ್ರಿಕ್ಯುಲೇಷನ್ನನ್ನೂ ದಾಟದ ಆ ಮಹನೀಯರು ಪತ್ರಿಕಾಕರ್ತರಾಗಿ, ಮೈಸೂರಿನ ಶಾಸನಸಭೆಯ ಸದಸ್ಯರಾಗಿ ಲೋಕವ್ಯವಹಾರವನ್ನು ಒಳಹೊಕ್ಕು ನೋಡಿದ್ದರು. ಸರಕಾರದ ವರದಿಯನ್ನು ಓದುವ ಶ್ರದ್ಧೆಯೂ ಶ್ಲೋಕವನ್ನು ಓದುವ ಶ್ರದ್ಧೆಯೂ ಅವರಲ್ಲಿ ಒಂದೇ ತೂಕದವಾಗಿದ್ದುವು. ಗೀತೆಯನ್ನು ಹೇಳುವಾಗ ಅವರು ರಾಜಕೀಯ ಮಾತಾಡಿದರೆಂದು ಯಾರೂ ದೂರಲಿಲ್ಲ. ರಾಜ್ಯಶಾಸ್ತ್ರ ಹೇಳುವಾಗ ಪುರಾಣ ಬಿಚ್ಚಿದರೆಂದೂ ದೂರಲಿಲ್ಲ. ಇದಕ್ಕೆ ಕಾರಣವೇನು? ವಿಷಯದ ಆಯ್ಕೆಯಲ್ಲಿ ಆ ಕಾರಣ ಸಿಗುವುದಿಲ್ಲ. ಹೇಳುವವನು ಯಾರು, ಕೇಳುವವರು ಯಾರು, ಯಾವ ಸಂದರ್ಭಕ್ಕೆ ಹೇಳಿದ್ದು ಎಂಬುದರಲ್ಲಿ ಸಿಗುತ್ತದೆ.

ಪ್ರಕೃತಕ್ಕೆ ಬೇಕಾದ ಅಳತೆಗೋಲನ್ನು ನಮ್ಮ ಶಾಸ್ತ್ರವೇ ಕೊಟ್ಟಿದೆ. ಶ್ರೀಮದಾಚಾರ್ಯರು ಅನುವ್ಯಾಖ್ಯಾನದ ಆರಂಭದಲ್ಲಿ ಬ್ರಹ್ಮಸೂತ್ರಗಳು ಪರಮಪ್ರಮಾಣ ಏಕೆ ಎಂಬುದನ್ನು ಸಾಧಿಸುವಾಗ ಮೂರು ಆಪ್ತಿಗಳನ್ನು ಹೇಳುತ್ತಾರೆ. ವಕ್ತೃವಿನ ಆಪ್ತಿ, ಶ್ರೋತೃವಿನ ಆಪ್ತಿ, ಪ್ರಸಕ್ತಿಯ ಆಪ್ತಿ. ಆಪ್ತಿಯೆಂದರೆ ಅನುಕೂಲತೆ, ತಕ್ಕದ್ದಾಗಿರುವುದು. ಸೂತ್ರಗಳನ್ನು ಹೇಳಿದವರು ಸರ್ವಜ್ಞರಾದ ವೇದವ್ಯಾಸದೇವರು. ಕೇಳಿದವರು ಬ್ರಹ್ಮರುದ್ರಾದಿ ದೇವತೆಗಳು. ಜ್ಞಾನವು ಕಲುಷಿತವಾಗಿ ವೇದಾರ್ಥನಿರ್ಣಯ ಬೇಕಾದಾಗ ಅವರು ಪ್ರಾರ್ಥಿಸಿದ್ದೇ ಪ್ರಸಕ್ತಿ. ಶ್ರೀಮಟ್ಟೀಕಾಕೃತ್ಪಾದರು ಸುಧೆಯಲ್ಲಿ ಇದನ್ನು ವಿಸ್ತರಿಸಿದ್ದಾರೆ. ಆ ಎತ್ತರದ ಮಾತನ್ನು ನಮ್ಮ ಊರಿನ ಶಾಮಿಯಾನದ ಕೆಳಗೆ ತರುವುದು ಸಾಹಸವೆಂದು ಪಂಡಿತರು ಹೇಳಿಯಾರು. ನಮ್ಮ ಉಪನ್ಯಾಸಕರನ್ನು ಸೂತ್ರಕಾರರಿಗೆ ಹೋಲಿಸುವ ಅವಿವೇಕ ನಮಗಿಲ್ಲ. ನಾವು ಹೇಳುವುದಿಷ್ಟೆ. ಮಾತಿನ ಬೆಲೆಯನ್ನು ಮಾತಿನೊಳಗೆ ಮಾತ್ರವೇ ಹುಡುಕದೆ, ಆಡಿದವನಲ್ಲಿ, ಕೇಳಿದವನಲ್ಲಿ, ಆಡಿದ ಹೊತ್ತಿನಲ್ಲಿ ಕೂಡ ಹುಡುಕಬೇಕೆಂಬ ಈ ಕ್ರಮವು ಯಾವ ಸಭೆಗೂ ಸಲ್ಲುತ್ತದೆ.

ಮೊದಲು ವಕ್ತೃ. ಹೇಳಬೇಕಾದ ವಿಷಯದ ಯಥಾರ್ಥಜ್ಞಾನ, ವಂಚಿಸುವ ಇಚ್ಛೆ ಇಲ್ಲದಿರುವುದು, ಹೇಳುವ ಸಾಮರ್ಥ್ಯ ಇವು ಆಪ್ತನ ಲಕ್ಷಣವೆಂದು ಶಾಸ್ತ್ರಕಾರರು ಹೇಳುತ್ತಾರೆ. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಮನುಷ್ಯರಲ್ಲಿ ಆಪ್ತತ್ವವು ವಿಷಯಕ್ಕೆ ತಕ್ಕಂತೆ ಬದಲಾಗುತ್ತದೆ. ಸುಧಾಪಾಠ ಮುಗಿಸಿ ಮಂಗಳ ಮಾಡಿದ ವಿದ್ವಾಂಸರು ತರ್ಕದಲ್ಲಿ ಆಪ್ತರು. ಕಾಲುವೆಯ ಕೊನೆಯ ತೂಬಿಗೆ ನೀರು ಏಕೆ ಬರಲಿಲ್ಲ ಎಂಬುದರಲ್ಲಿ ಅಷ್ಟರಿಂದಲೇ ಆಪ್ತರಾಗುವುದಿಲ್ಲ. ಆ ವಿಷಯದಲ್ಲಿ ಸೌಡಿಯನ್ನೋ, ತೂಬಿನ ಬಳಿ ರಾತ್ರಿ ಕಾದ ರೈತನನ್ನೋ ಕೇಳಿ ತಿಳಿದು ಹೇಳಿದರೆ ಆಪ್ತರಾದಾರು. ಇಂದಿನ ಅನೇಕ ಪ್ರವಚನಗಳಲ್ಲಿ ತತ್ತ್ವಭಾಗ ಬಿಗಿಯಾಗಿದ್ದು, ಲೋಕದ ಮಾತು ಬಂದ ಕೂಡಲೇ ಸಡಿಲಾಗುವುದು ಇದೇ ಕಾರಣದಿಂದ. ಪಂಕ್ತಿಭೇದವಿಲ್ಲದೆ ಎಲ್ಲರ ಫೋನಿಗೂ ಬರುವ ಸಂದೇಶವನ್ನು, ಯಾರು ಬರೆದರೆಂದು ತಿಳಿಯದೆ, ವ್ಯಾಸಪೀಠದಿಂದ ಓದಿಬಿಡುತ್ತಾರೆ. ಶ್ಲೋಕಕ್ಕೆ ಆಕರ ಕೇಳುವ ನಾವು ಸುದ್ದಿಗೆ ಆಕರ ಕೇಳುವುದಿಲ್ಲ. ವಿಷಯಜ್ಞಾನವಿಲ್ಲದ ಲೋಕವಿಚಾರಕ್ಕಿಂತ ಲೋಕವಿಚಾರವಿಲ್ಲದ ಮಹಿಮಾಕಥನವೇ ಮೇಲು ಎಂದು ಮೊದಲ ಪಕ್ಷದವರು ಹೇಳಿದರೆ, ಅಷ್ಟರ ಮಟ್ಟಿಗೆ ನಾವು ಅವರ ಕಡೆಗೇ.

ಎರಡನೆಯದು ಶ್ರೋತೃ. ಇದೇ ನಮ್ಮ ದೃಷ್ಟಿಯಲ್ಲಿ ಅತ್ಯಂತ ಕಠಿಣವಾದ ಅಂಗ. ಇದರ ಬಗ್ಗೆಯೇ ನಾವು ಕಡಮೆ ಯೋಚಿಸಿರುವುದು.

ಶ್ರೀ ನಾರಾಯಣ ಪಂಡಿತಾಚಾರ್ಯರ ಸುಮಧ್ವವಿಜಯದ 3ನೆಯ ಸರ್ಗವನ್ನು ಪಾರಾಯಣ ಮಾಡದ ಮನೆ ನಮ್ಮಲ್ಲಿ ವಿರಳ. ಬಾಲಕ ವಾಸುದೇವನು ಪುರಾಣ ಕೇಳುತ್ತ ಕುಳಿತಿದ್ದಾಗ, ಪೌರಾಣಿಕನು ಹೇಳಿದ್ದು ವ್ಯಾಸಾದಿಗಳ ಅಭಿಪ್ರಾಯಕ್ಕೆ ವಿರುದ್ಧವೆಂದು ಸಭೆಯಲ್ಲಿಯೇ ಹೇಳಿಬಿಟ್ಟನು. ಇನ್ನೊಮ್ಮೆ ಸ್ವತಃ ತಂದೆಯವರು ಕಥೆ ಹೇಳುವಾಗ ಮರಗಳ ಹೆಸರುಗಳ ನಡುವೆ ಲಿಕುಚವೆಂಬ ಶಬ್ದಕ್ಕೆ ಅರ್ಥ ಹೇಳದೆ ಮುಂದೆ ಹೋದಾಗ, ಅದನ್ನೇಕೆ ಬಿಟ್ಟಿರಿ ಎಂದು ಮಗನು ಕೇಳಿದನು. ತಂದೆಯವರಿಂದ ಉತ್ತರ ಬರಲಿಲ್ಲ; ಮಗನೇ ಅರ್ಥ ಹೇಳಿದನು; ಸಭೆ ಸಂತೋಷಪಟ್ಟಿತು. ಈ ಪ್ರಸಂಗವನ್ನು ನಾವು ಅವತಾರಮಹಿಮೆಯೆಂದು ಹೇಳಿ ಕೈಮುಗಿಯುತ್ತೇವೆ, ಅದು ಯುಕ್ತವೇ. ಆದರೆ ಇದರಲ್ಲಿ ಸಭೆಯ ಮಹಿಮೆಯೂ ಇದೆ ಎಂಬುದನ್ನು ಮರೆಯುತ್ತೇವೆ. ಆ ಸಭೆಯಲ್ಲಿ ಪ್ರಶ್ನೆಗೆ ಎಡೆಯಿತ್ತು. ಹುಡುಗನ ಬಾಯಿ ಮುಚ್ಚಿಸಿದವರಿರಲಿಲ್ಲ. ಇಂದು ಇದೇ ಪ್ರಸಂಗದ ಪ್ರವಚನ ನಡೆಯುತ್ತಿರುವಾಗ ಹತ್ತು ವರ್ಷದ ಹುಡುಗನೊಬ್ಬ ಎದ್ದು ಪ್ರಶ್ನೆ ಕೇಳಿದರೆ, ಏಯ್ ಸುಮ್ಮನೆ ಕೂತ್ಕೊಳ್ಳೋ ಎಂದು ಅವನ ಅಜ್ಜನೇ ಗದರಿಸುವುದು ಖಂಡಿತ!

ಅರ್ಚಕರ ಮನೆತನದಲ್ಲಿ ಬೆಳೆದವರಿಗೆ ಒಂದು ಸೌಕರ್ಯವಿದೆ. ಪ್ರವಚನದ ಹೊತ್ತಿನಲ್ಲಿ ಸಾಮಾನ್ಯವಾಗಿ ನಾವು ದೇವರ ಬಳಿ ಇರುವುದರಿಂದ, ಹೇಳುವವರ ಬೆನ್ನೂ ಕೇಳುವವರ ಮುಖವೂ ನಮಗೆ ಕಾಣುತ್ತವೆ. ಮುಂದಿನ ಸಾಲಿನಲ್ಲಿ ನಮ್ಮವರು, ಒಂದು ಮಗ್ಗುಲಿಗೆ ಸ್ತ್ರೀಯರು, ಹಿಂದೆ ಕಂಬಕ್ಕೆ ಒರಗಿ ನಿಂತ ಇತರ ಭಕ್ತರು. ಇನ್ನೂ ಆಚೆಗೆ, ಧ್ವನಿವರ್ಧಕದಿಂದ ಮಾತು ಮಾತ್ರ ಮುಟ್ಟುವ ಕಡೆ, ಗದ್ದೆಯ ಕೆಲಸ ಮುಗಿಸಿ ನಡೆದುಹೋಗುವ ಕೂಲಿಯವರು. ವೇದಿಕೆಯ ಮಾತನ್ನು ಎಲ್ಲರೂ ಕೇಳುತ್ತಾರೆ, ಆದರೆ ಮಾತು ಆಡಲ್ಪಡುವುದು ಮುಂದಿನ ಸಾಲಿಗೆ ಮಾತ್ರ. ವರ್ಣದ ವಿಷಯ ಬಂದಾಗ, ಸ್ತ್ರೀಧರ್ಮದ ವಿಷಯ ಬಂದಾಗ, ಇಂದಿನ ಕಾಲ ಕೆಟ್ಟಿತೆಂಬ ಮಾತು ಬಂದಾಗ, ಯಾರ ವಿಷಯ ಆಡುತ್ತಿದ್ದೇವೋ ಅವರು ಹಿಂದೆಯೇ ನಿಂತಿದ್ದಾರೆಂಬ ಎಚ್ಚರ ಎಷ್ಟು ವಕ್ತೃಗಳಿಗಿದೆ?

ಅಧಿಕಾರಿಭೇದವೆಂಬುದು ಶಾಸ್ತ್ರದಲ್ಲಿದೆ, ಅದನ್ನು ನಾವು ಅಲ್ಲಗಳೆಯುವವರಲ್ಲ. ಆದರೆ ಅದೇ ಸೂತ್ರಭಾಷ್ಯದ ಮೊದಲ ಸೂತ್ರದಲ್ಲಿಯೇ ಶ್ರೀಮದಾಚಾರ್ಯರು ವ್ಯೋಮಸಂಹಿತೆಯ ವಚನವನ್ನು ಉದಾಹರಿಸಿ, ಅಂತ್ಯಜರೆನಿಸಿದವರಲ್ಲಿಯೂ ಭಕ್ತರಾದವರಿಗೆ ಭಗವನ್ನಾಮದ ಜ್ಞಾನದಲ್ಲಿ ಅಧಿಕಾರವುಂಟೆಂದು ತೋರಿಸಿದ್ದಾರೆ. ಅಧಿಕಾರಿಭೇದವು ಯಾರಿಗೆ ಯಾವ ಬಾಗಿಲೆಂಬುದನ್ನು ಹೇಳುತ್ತದೆಯೇ ಹೊರತು, ಬಾಗಿಲೇ ಇಲ್ಲದವರೊಬ್ಬರಿದ್ದಾರೆಂದು ಹೇಳುವುದಿಲ್ಲ. ಇತಿಹಾಸ, ಪುರಾಣ, ಹರಿದಾಸಸಾಹಿತ್ಯಗಳ ಬಾಗಿಲು ಸರ್ವರಿಗೂ ತೆರೆದಿದೆ. ನಮ್ಮ ಉತ್ಸವದ ಪ್ರವಚನಗಳೆಲ್ಲ ಈ ಬಾಗಿಲಿನಲ್ಲಿಯೇ ನಡೆಯುತ್ತಿರುವುದು.

ಮಾನವಿಯ ಶ್ರೀ ಜಗನ್ನಾಥದಾಸರ ಐತಿಹ್ಯವನ್ನು ಇಲ್ಲಿ ಸ್ಮರಿಸಬಹುದು. ಪೂರ್ವಾಶ್ರಮದಲ್ಲಿ ಅವರು ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ವಿದ್ವಾಂಸರು. ವಿಜಯದಾಸರು ಊರಿಗೆ ಬಂದು ಪ್ರಸಾದಕ್ಕೆ ಕರೆದಾಗ, ಕನ್ನಡದಲ್ಲಿ ಹಾಡಿ ಕುಣಿಯುವವರ ಪಂಕ್ತಿಗೆ ತಾನೇಕೆ ಹೋಗಬೇಕೆಂದು ಹೊಟ್ಟೆನೋವಿನ ನೆಪ ಹೇಳಿದರಂತೆ. ನೆಪವೇ ನಿಜವಾಯಿತು. ಕೊನೆಗೆ ವಿಜಯದಾಸರ ಆಜ್ಞೆಯಂತೆ ಗೋಪಾಲದಾಸರು ರೊಟ್ಟಿಯನ್ನು ಅಭಿಮಂತ್ರಿಸಿ ಕೊಟ್ಟು, ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಧಾರೆಯೆರೆದರೆಂದು ಹಿರಿಯರು ಹೇಳುತ್ತಾರೆ. ಆ ವಿದ್ವಾಂಸರೇ ಮುಂದೆ ಹರಿಕಥಾಮೃತಸಾರವನ್ನು ಕನ್ನಡದಲ್ಲಿ ರಚಿಸಿದರು. ವಿದ್ಯೆಯನ್ನು ಅವರೇನೂ ಬಿಡಲಿಲ್ಲ. ಅದು ಯಾರ ಕಿವಿಗೆ ಸೇರಬೇಕು ಎಂಬುದು ಮಾತ್ರ ಬದಲಾಯಿತು. ಸುಧೆಯ ಸಾರವನ್ನು ಒನಕೆ ಹಿಡಿದ ಕೈಗಳ ವರೆಗೆ ಮುಟ್ಟಿಸಿದ್ದು ಆ ಬದಲಾವಣೆಯೇ.

ನಮ್ಮ ಕಾಲದಲ್ಲಿ ಇದರ ಪರೀಕ್ಷೆ ಬೇರೆ ರೀತಿಯಲ್ಲಿ ನಡೆಯಿತು. 1969ರ ಡಿಸೆಂಬರಿನಲ್ಲಿ, ಪೇಜಾವರ ಶ್ರೀ ವಿಶ್ವೇಶತೀರ್ಥರ ಪರ್ಯಾಯ ಕಾಲದಲ್ಲಿ, ಉಡುಪಿಯಲ್ಲಿ ನಡೆದ ವಿಶ್ವ ಹಿಂದೂ ಪರಿಷತ್ತಿನ ಸಮ್ಮೇಳನವು ಅಸ್ಪೃಶ್ಯತೆಗೆ ಧರ್ಮದ ಸಮ್ಮತಿಯಿಲ್ಲವೆಂದು ಸಾರಿತು. ನಿರ್ಣಯ ಮಾಡುವುದು ಸುಲಭ, ವೇದಿಕೆಯ ಮೇಲೆ ಎಲ್ಲರೂ ಕೈಯೆತ್ತುತ್ತಾರೆ. ಶ್ರೀಗಳು ಆ ಬಳಿಕ ದಲಿತರ ಕೇರಿಗಳಿಗೆ ತಾವೇ ನಡೆದುಹೋದರು. ಮಡಿವಂತರು ಆಕ್ಷೇಪಿಸಿದರು. ಇಷ್ಟು ಸಾಲದೆಂದು ಇನ್ನೊಂದು ಕಡೆಯವರು ಟೀಕಿಸಿದರು. ಶ್ರೀಗಳು 2019ರ ಡಿಸೆಂಬರ್ 29ರಂದು ಹರಿಪಾದ ಸೇರುವ ವರೆಗೂ ಈ ಎರಡೂ ಟೀಕೆಗಳು ನಿಲ್ಲಲಿಲ್ಲ. ಅವರು ನಡೆಯುವುದನ್ನೂ ನಿಲ್ಲಿಸಲಿಲ್ಲ. ಅವರ ರಾಜಕೀಯ ನಿಲುವುಗಳೆಲ್ಲವನ್ನೂ ಎಲ್ಲರೂ ಒಪ್ಪಬೇಕಾಗಿಲ್ಲ. ನಮ್ಮ ಓದುಗರಲ್ಲಿಯೇ ಒಪ್ಪದವರಿದ್ದಾರೆ. ನಮಗೆ ಇಲ್ಲಿ ಮುಖ್ಯವಾದದ್ದು, ಯಾರ ಬಗ್ಗೆ ಮಾತನಾಡಿದರೋ ಅವರ ಮುಂದೆಯೇ ಹೋಗಿ ನಿಂತರೆಂಬುದು. ಅಲ್ಲಿ ನಿಂತು ಆಡುವ ಮಾತಿಗೆ ತಾನಾಗಿಯೇ ಒಂದು ಹದ ಬರುತ್ತದೆ. ಭಗವಂತನು ಗೀತೆಯ 17ನೆಯ ಅಧ್ಯಾಯದಲ್ಲಿ ವಾಙ್ಮಯ ತಪಸ್ಸನ್ನು ಹೇಳುವಾಗ, ಮಾತು ಸತ್ಯವೂ ಪ್ರಿಯವೂ ಹಿತವೂ ಆಗಿ ಯಾರ ಮನಸ್ಸನ್ನೂ ಕಲಕದಂತಿರಬೇಕೆಂದು ಹೇಳಿದ್ದಾನಷ್ಟೆ. ಎದುರಿಗಿಲ್ಲದವರನ್ನು ಕುರಿತು ಆಡುವಾಗ ಈ ನಾಲ್ಕರಲ್ಲಿ ಮೂರನ್ನು ಬಿಟ್ಟರೂ ಯಾರಿಗೂ ತಿಳಿಯುವುದಿಲ್ಲ. ಆದುದರಿಂದ ವೇದಿಕೆ ಹತ್ತುವ ಮೊದಲು ವಕ್ತೃವು ಒಂದೇ ಒಂದು ಪ್ರಶ್ನೆಯನ್ನು ಹಾಕಿಕೊಂಡರೆ ಸಾಕೆನಿಸುತ್ತದೆ: ಈ ವಾಕ್ಯ ಯಾರನ್ನು ಕುರಿತದ್ದೋ ಅವರು ಮುಂದಿನ ಸಾಲಿನಲ್ಲಿ ಕುಳಿತಿದ್ದರೂ ಇದನ್ನು ಹೀಗೆಯೇ ಹೇಳುತ್ತೇನೆಯೇ?

ಇದಕ್ಕೆ ಒಂದು ಆಕ್ಷೇಪ ಬರಬಹುದು. ಎಲ್ಲರ ಮುಖ ನೋಡಿ ಮಾತನಾಡಿದರೆ ಅಪ್ರಿಯಸತ್ಯವನ್ನು ಹೇಳುವವರೇ ಇಲ್ಲವಾಗುತ್ತಾರಲ್ಲ ಎಂದು. ಹಾಗೇನೂ ಇಲ್ಲ. ದ್ಯೂತಸಭೆಯಲ್ಲಿ ದ್ರೌಪದೀದೇವಿಯ ಪ್ರಶ್ನೆಗೆ ಭೀಷ್ಮರು ಧರ್ಮದ ಗತಿ ಸೂಕ್ಷ್ಮವೆಂದು ಜಾರಿಕೊಂಡರು. ಶರಶಯ್ಯೆಯಲ್ಲಿ ರಾಜಧರ್ಮದ ಸಾಗರವನ್ನೇ ಹರಿಸಿದವರೂ ಅವರೇ. ವಿದುರನು ಆ ಸಭೆಗೆ ನೆನಪಿಸಿದ್ದು ಪ್ರಹ್ಲಾದನ ಕಥೆ. ತನ್ನ ಮಗ ವಿರೋಚನನಿಗೂ ಅಂಗಿರಸರ ಮಗ ಸುಧನ್ವನಿಗೂ ಯಾರು ಹೆಚ್ಚೆಂಬ ವಾದ ಬಂದಾಗ, ಪ್ರಾಣಪಣವಿದ್ದರೂ ಪ್ರಹ್ಲಾದನು ಮಗನ ಎದುರಿಗೇ ಮಗನ ವಿರುದ್ಧ ತೀರ್ಪು ಹೇಳಿದನು. ತಿಳಿದೂ ಉತ್ತರಿಸದೆ ಕುಳಿತ ಸಭಾಸದನು ಅಧರ್ಮದಲ್ಲಿ ಪಾಲುಗಾರನಾಗುತ್ತಾನೆಂಬುದು ವಿದುರನ ಅಭಿಪ್ರಾಯ. ಪ್ರಹ್ಲಾದನು ಅಪ್ರಿಯವಾದದ್ದನ್ನು ಹೇಳಿದ್ದು ತನ್ನವರಿಗೆ, ತನ್ನವರ ಮುಂದೆ. ನಾವು ಇಂದು ಕೇಳುವ ಅಪ್ರಿಯಸತ್ಯಗಳು ಬಹುಮಟ್ಟಿಗೆ ಬೇರೆಯವರನ್ನು ಕುರಿತವು, ನಮ್ಮವರ ಮುಂದೆ ಹೇಳಿದವು. ಕೇಳಿ ಚಪ್ಪಾಳೆ ತಟ್ಟಬಹುದಾದ ಸತ್ಯವನ್ನು ಅಪ್ರಿಯವೆಂದು ಏಕೆ ಕರೆಯಬೇಕೋ ತಿಳಿಯದು.

ಮೂರನೆಯದು ಪ್ರಸಕ್ತಿ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ಹೊಳೆಗೆ ಹರಿಯಿತು. ತಾತ್ಕಾಲಿಕ ತಡೆ ಕೂರಿಸುವ ವರೆಗೆ ಒಂದು ವಾರ ಸಿರುಗುಪ್ಪ ಸೀಮೆಯಲ್ಲಿ ಮನೆಮನೆಯಲ್ಲಿಯೂ ಅದೊಂದೇ ಮಾತು. ನಾಟಿಯಾದ ಭತ್ತಕ್ಕೆ ನೀರುಂಟೋ ಇಲ್ಲವೋ ಎಂಬ ಚಿಂತೆ. ಶ್ರಾವಣಮಾಸದ ಆ ದಿನಗಳಲ್ಲಿ ತುಂಗಭದ್ರೆಯ ಮಹಿಮೆಯನ್ನು ಹೇಳಲು ಕುಳಿತವರು ವರಾಹದೇವರ ದಂಷ್ಟ್ರದಿಂದ ನದಿ ಹುಟ್ಟಿದ ಕಥೆಯನ್ನು ಹೇಳಿ ಮಂಗಳ ಹಾಡಬಹುದು. ಅದು ತಪ್ಪಲ್ಲ. ಆದರೆ ಕೇಳುವವನ ಎದೆಯಲ್ಲಿ ನೀರೇ ಕುದಿಯುತ್ತಿರುವಾಗ, ಅದೇ ನೀರನ್ನು ಕುರಿತು ಒಂದು ನೀತಿಯ ಮಾತನ್ನು ಹೇಳದಿದ್ದರೆ ಪ್ರಸಕ್ತಿ ಕೈತಪ್ಪಿದಂತಲ್ಲವೇ?

ಆ ನೀತಿ ಯಾವುದು? ಅಣೆಕಟ್ಟನ್ನು ನೋಡಿಕೊಳ್ಳಬೇಕಾದವರ ಹೊಣೆ ಒಂದು ಭಾಗ. ಅದನ್ನು ಪತ್ರಿಕೆಗಳೂ ಸಭೆಗಳೂ ಚರ್ಚಿಸಿವೆ. ವೇದಿಕೆಯಿಂದ ಹೇಳಬೇಕಾದದ್ದು ಇನ್ನೊಂದು ಭಾಗ. ಕಾಲುವೆಯ ಮೇಲ್ಭಾಗದ ಗದ್ದೆಯವರು ತೂಬನ್ನು ಇಷ್ಟಬಂದಂತೆ ತೆರೆದು ಎರಡು ಪಟ್ಟು ನೀರು ಹಿಡಿದರೆ, ಕೊನೆಯ ಭಾಗದವನ ಪೈರು ಒಣಗುತ್ತದೆ. ಇದು ಗೇಟು ಮುರಿಯದ ವರ್ಷಗಳಲ್ಲಿಯೂ ನಡೆಯುವುದು. ವಿಜಯನಗರದ ಕಾಲದಿಂದ ಬಂದ ಸಿರುಗುಪ್ಪ, ದೇಶನೂರು ಕಾಲುವೆಗಳ ಸೀಮೆಯ ಜನರಿಗೆ ನೀರಿನ ಸರದಿಯೆಂದರೇನೆಂದು ವಿವರಿಸಬೇಕಾಗಿಲ್ಲ. ಅಸ್ತೇಯವೆಂಬ ಶಬ್ದಕ್ಕೆ ಅರ್ಥ ಹೇಳುವಾಗ ಪರರ ಚಿನ್ನವನ್ನು ಮುಟ್ಟಬಾರದೆಂದು ಹೇಳಿದರೆ ಎಲ್ಲರೂ ತಲೆದೂಗುತ್ತಾರೆ. ಪರರ ಸರದಿಯ ನೀರನ್ನು ರಾತ್ರಿ ತಿರುಗಿಸಿಕೊಳ್ಳುವುದೂ ಅದೇ ಎಂದು ಹೇಳಿದರೆ ಕೆಲವರಾದರೂ ತಲೆ ತಗ್ಗಿಸುತ್ತಾರೆ. ನಮ್ಮ ಕುಟುಂಬಗಳಲ್ಲಿ ಭೂಮಿಯುಳ್ಳವರೂ ಇದ್ದಾರೆ, ಭೂಮಿಯನ್ನು ಗುತ್ತಿಗೆಗೆ ಕೊಟ್ಟು ನಗರ ಸೇರಿದವರೂ ಇದ್ದಾರೆ. ಬೆಳೆ ಕೈಕೊಟ್ಟ ವರ್ಷವೂ ಗುತ್ತಿಗೆಯ ಹಣವನ್ನು ಪೂರ್ತಿ ಕೇಳುವುದು ದಯೆಯೇ, ಧರ್ಮವೇ, ಬರಿಯ ಹಕ್ಕೇ? ಇಂಥ ಪ್ರಶ್ನೆ ರಾಜಕಾರಣವೆಂದು ತೋರಿದರೆ, ತೋರುವುದು ಮುಂದಿನ ಸಾಲಿಗೆ ಮಾತ್ರ.

ಹಾಗೆಂದ ಮಾತ್ರಕ್ಕೆ ವೇದಿಕೆಯು ಪಕ್ಷಗಳ ಪಾಲಾಗಬಾರದು. ಇಂಥವರಿಗೆ ಮತ ಕೊಡಿ, ಇಂಥವರಿಗೆ ಕೊಡಬೇಡಿ ಎಂಬ ಮಾತು ಪ್ರಸಕ್ತಿಗೆ ದ್ರೋಹ. 1988ರ ಧಾರ್ಮಿಕ ಸಂಸ್ಥೆಗಳ ದುರುಪಯೋಗ ತಡೆ ಕಾಯಿದೆಯ ಪ್ರಕಾರ ನಿಷಿದ್ಧವೂ ಹೌದು. ಕಾಯಿದೆ ಇಲ್ಲದಿದ್ದರೂ ನಾವು ಅದನ್ನು ಬೇಡವೆನ್ನುತ್ತಿದ್ದೆವು. ಆರಾಧನೆಗೆ ಬಂದವನು ಗುರುಗಳ ಸನ್ನಿಧಾನಕ್ಕೆ ಬಂದಿದ್ದಾನೆ, ಹೊರಗೆ ಬಿಟ್ಟುಬಂದ ಜಗಳಕ್ಕಾಗಿ ಬಂದಿಲ್ಲ. ಅವನನ್ನು ಶ್ರೋತೃವೆಂದು ಕೂರಿಸಿಕೊಂಡು ಮತದಾರನೆಂದು ಬಳಸುವುದು ವಂಚನೆ. ಮೇಲೆ ಹೇಳಿದ ಆಪ್ತಲಕ್ಷಣದಲ್ಲಿ ವಂಚನೆಯಿಲ್ಲದಿರುವುದು ಸೇರಿದೆಯಷ್ಟೆ.

ಪ್ರಸಕ್ತಿಗೆ ಈ ಕಾಲದಲ್ಲಿ ಬಂದ ಇನ್ನೊಂದು ಆಪತ್ತನ್ನು ಹೇಳದೆ ಬಿಡಲಾಗದು. ಎರಡು ಗಂಟೆಯ ಪ್ರವಚನದಿಂದ ಒಂದು ನಿಮಿಷವನ್ನು ಕತ್ತರಿಸಿ ಫೋನಿನಿಂದ ಫೋನಿಗೆ ಹರಿಯಬಿಡುತ್ತಾರೆ. ಪೂರ್ವಪಕ್ಷವಾಗಿ ಹೇಳಿದ್ದು ಸಿದ್ಧಾಂತವೆಂದು ಊರೆಲ್ಲ ಸುತ್ತುತ್ತದೆ. ವಿದ್ವಾಂಸರು ಕ್ಷಮೆ ಕೇಳಬೇಕಾಗುತ್ತದೆ, ಇಲ್ಲವೇ ಆಡದಿದ್ದ ಮಾತಿಗೆ ಜಯಕಾರ ಪಡೆಯಬೇಕಾಗುತ್ತದೆ. ಎರಡನೆಯದೇ ಹೆಚ್ಚು ಅಪಾಯಕಾರಿ, ಏಕೆಂದರೆ ಮುಂದಿನ ಸಲ ಅವರು ಕತ್ತರಿಸುವುದಕ್ಕೆ ಅನುಕೂಲವಾಗುವಂತೆಯೇ ಮಾತಾಡತೊಡಗುತ್ತಾರೆ. ಶ್ರೀಮದಾಚಾರ್ಯರು ಕಥಾಲಕ್ಷಣವೆಂಬ ಪುಟ್ಟ ಪ್ರಕರಣದಲ್ಲಿ ವಾದ, ಜಲ್ಪ, ವಿತಂಡಾ ಎಂದು ಕಥೆಯನ್ನು ಮೂರಾಗಿ ವಿಂಗಡಿಸಿದ್ದಾರೆ. ತತ್ತ್ವನಿರ್ಣಯಕ್ಕಾಗಿ ಸಜ್ಜನರು ನಡೆಸುವುದು ವಾದ. ಖ್ಯಾತಿಗೋ ಸ್ಪರ್ಧೆಗೋ ನಡೆಯುವುದು ಜಲ್ಪ. ತನ್ನ ತತ್ತ್ವವನ್ನು ಮುಚ್ಚಿಟ್ಟುಕೊಂಡು ಎದುರಾಳಿಯ ಮಾತನ್ನಷ್ಟೇ ಖಂಡಿಸುವುದು ವಿತಂಡಾ. ದೂರದರ್ಶನದ ಚರ್ಚೆಗಳಿಗೆ ಈ ಮೂರರಲ್ಲಿ ಯಾವ ಹೆಸರು ಸಲ್ಲುತ್ತದೆಂಬುದನ್ನು ವಾಚಕರೇ ಹೇಳಬಲ್ಲರು. ವಾದದಲ್ಲಿ ಸೋತವನಿಗೂ ಲಾಭವುಂಟು, ಅವನಿಗೆ ತತ್ತ್ವ ಸಿಕ್ಕಿತು. ಜಲ್ಪದಲ್ಲಿ ಗೆದ್ದವನಿಗೂ ಸಿಗುವುದು ಹೆಸರು ಮಾತ್ರ. ಉತ್ಸವದ ವೇದಿಕೆಯಲ್ಲಿ ಲೋಕವಿಚಾರ ಬರುವುದಾದರೆ ವಾದದ ರೂಪದಲ್ಲಿ ಬರಲಿ, ಪ್ರಶ್ನೆಯೂ ಉತ್ತರವೂ ಒಂದೇ ಸಭೆಯಲ್ಲಿ ನಡೆಯಲಿ ಎಂದು ನಾವು ಹೇಳುವುದು ಇದರಿಂದಲೇ.

ಅಸ್ತು. ಇಷ್ಟೆಲ್ಲ ಬರೆದ ಮೇಲೆ, ಮಾಡಬೇಕಾದದ್ದೇನು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಆರಾಧನೆಯ ಮೂರು ದಿನಗಳಲ್ಲಿ ಪೂರ್ವಾರಾಧನೆ, ಮಧ್ಯಾರಾಧನೆಗಳ ಪ್ರವಚನಗಳು ಈಗಿರುವಂತೆಯೇ ಗ್ರಂಥಕ್ಕೂ ಗುರುಮಹಿಮೆಗೂ ಮೀಸಲಿರಲಿ. ಉತ್ತರಾರಾಧನೆಯ ಸಂಜೆ ಒಂದು ಉಪನ್ಯಾಸವನ್ನು ಪ್ರಾಕಾರದ ಒಳಗೆ ಮಾಡದೆ ಹೊರಗಿನ ಬಯಲಿನಲ್ಲಿ ಏರ್ಪಡಿಸಿ, ಊರಿನವರೆಲ್ಲರೂ ಒಂದೇ ಜಮಖಾನದ ಮೇಲೆ ಕೂರುವಂತಾಗಲಿ. ವಿಷಯವನ್ನು ಮೊದಲೇ ತಿಳಿಸಿ, ಆ ವಿಷಯ ಬಲ್ಲವರೊಬ್ಬರನ್ನು ಪಂಡಿತರ ಜೊತೆಗೆ ಕೂರಿಸಲಿ. ನೀರಿನ ವಿಷಯವಾದರೆ ನೀರು ಬಲ್ಲವರು, ಶಾಲೆಯ ವಿಷಯವಾದರೆ ಉಪಾಧ್ಯಾಯರು. ಕೊನೆಗೆ ಅರ್ಧ ಗಂಟೆ ಪ್ರಶ್ನೆಗಳಿಗೆ ಬಿಡಲಿ. ಸಂಕೋಚಪಡುವ ಸ್ತ್ರೀಯರು ಚೀಟಿಯಲ್ಲಿ ಬರೆದು ಕಳುಹಿಸಬಹುದು. ಚೀಟಿಗಳನ್ನು ಆರಿಸದೆ, ಬಂದ ಕ್ರಮದಲ್ಲಿಯೇ ಓದಬೇಕು.

ಈ ಸೂಚನೆಗೆ ಹಿರಿಯರಿಂದ ಬರಬಹುದಾದ ಮುಖ್ಯ ಅಡ್ಡಿಯೆಂದರೆ ಹೊತ್ತಾಗುತ್ತದೆ ಎಂಬುದು. ಪ್ರಶ್ನೆಗಳು ಬೆಳೆದರೆ ರಾತ್ರಿಯ ಸ್ವಸ್ತಿವಾಚನ ತಡವಾಗುತ್ತದೆ, ಸಿರುಗುಪ್ಪದ ಕಡೆಗೆ ಕೊನೆಯ ಬಸ್ಸು ತಪ್ಪುತ್ತದೆ. ಇದು ನ್ಯಾಯವಾದ ಆಕ್ಷೇಪ. ಉಪನ್ಯಾಸವನ್ನು ಅರ್ಧ ಗಂಟೆ ಮೊದಲೇ ಆರಂಭಿಸಿ, ವೇದಿಕೆಯ ಮೇಲಿನ ಹಾರ, ಶಾಲು, ಸ್ವಾಗತ, ವಂದನಾರ್ಪಣೆಗಳನ್ನು ಹತ್ತು ನಿಮಿಷಕ್ಕೆ ಇಳಿಸಿದರೆ ಪ್ರಶ್ನೆಗಳಿಗೆ ಬೇಕಾದ ಹೊತ್ತು ಅಲ್ಲಿಯೇ ಸಿಗುತ್ತದೆಂದು ನಮ್ಮ ಲೆಕ್ಕ.